ನಂಬರೊಂದರಿಂದಲೇ ನಮ್ಮ ತಂದೆಯವರನ್ನು ಪತ್ತೆ ಹಚ್ಚಿದ ಕುರಿತು

ಈ ಮೂಲಕ ಓದುಗರ ಗಮನಕ್ಕೆ ತರುವುದೇನೆಂದರೆ, ನಮ್ಮ ಮನೆತನದಲ್ಲಿ ಮದುವೆಯಿರಲಿ, ತೊಟ್ಟಿಲ ಕಾರ್ಯಕ್ರಮವಿರಲಿ, ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಬಂದ ಕೂಡಲೇ ಯಾರಾದರೊಬ್ಬರು ನನ್ನ ಕಡೆ ಬೆರಳು ಮಾಡಿ ಒಂದು ಕಥೆ ಹೇಳುತ್ತಾರೆ. “ಇಕೀನ ನೋಡ್ರಿ, ಜೀವಂತ ಕುಂತಿದ್ದ ಆಯಿನ್ನ ಫೋನ್‌ನ್ಯಾಗ ಸಾಯಿಸಿದಾಕಿ” ಎಂದು ಅದು ಆರಂಭವಾಗುತ್ತದೆ. ಎಲ್ಲರೂ ನಗುತ್ತಾರೆ. ಹೊಸದಾಗಿ ಬಂದ ಅಳಿಯಂದಿರಿಗೆ ಮೊದಲಿನಿಂದ ಹೇಳಲಾಗುತ್ತದೆ. ಆದರೆ ನಾನು ಹಾಗೆ ಏಕೆ ಮಾಡಬೇಕಾಯಿತು ಎಂಬ ಭಾಗ ಮಾತ್ರ ವರ್ಷದಿಂದ ವರ್ಷಕ್ಕೆ ಸವೆಯುತ್ತ ಬಂದು, ಈಗ ಪೂರ್ತಿ ಬಿಟ್ಟೇ ಹೋಗಿದೆ. ಬಿಟ್ಟುಹೋದ ಆ ಭಾಗವನ್ನು ದಾಖಲಿಸುವುದು ಈ ಬರಹದ ಉದ್ದೇಶವಾಗಿರುತ್ತದೆ.

ನಾನು ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮೇಲಧಿಕಾರಿಗಳಿಗೆ ಶಾಲೆಯ ಪತ್ರಗಳನ್ನು ಬರೆದದ್ದು ಬಿಟ್ಟರೆ ಬೇರೆ ಏನನ್ನೂ ಬರೆದವಳಲ್ಲ. ಬರವಣಿಗೆಯಲ್ಲಿ ದೋಷಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ. ವಿಷಯದ ಬಗ್ಗೆ ಮಾತ್ರ ಯಾರ ಕ್ಷಮೆಯನ್ನೂ ಕೋರುವುದಿಲ್ಲ.

ನಮ್ಮೂರು ಸವದತ್ತಿ ತಾಲ್ಲೂಕಿನಲ್ಲಿ, ಸಿರಸಂಗಿಯ ಕಡೆಗೆ ಹೋಗುವ ದಾರಿಯಲ್ಲಿದೆ. ಆಗ ಮನೆಯಲ್ಲಿ ನಾವು ನಾಲ್ಕು ಜನ: ತಂದೆಯ ತಾಯಿಯಾದ ಆಯಿ, ಅಪ್ಪ, ಅವ್ವ ಮತ್ತು ಡಿ.ಎಡ್. ಮುಗಿಸಿ ನೌಕರಿಗೆ ಅರ್ಜಿ ಹಾಕಿ ಕುಳಿತಿದ್ದ ನಾನು. ಆಸ್ತಿ ಹಿಸ್ಸೆಯಾದ ಮೇಲೆ ಅಪ್ಪನ ತಮ್ಮನಾದ ಕಾಕಾ ಅದೇ ಮನೆಯ ಅರ್ಧಕ್ಕೆ ಗೋಡೆ ಹಾಕಿಕೊಂಡು ಪಕ್ಕದಲ್ಲಿದ್ದರು.

ನಮ್ಮ ತಂದೆಯವರಿಗೆ ಎತ್ತುಗಳ ವಿಷಯದಲ್ಲಿ ದೊಡ್ಡ ಹೆಸರಿತ್ತು. ನಡೆ ನೋಡಿ, ಹಲ್ಲು ನೋಡಿ, ಸುಳಿ ನೋಡಿ, ಎತ್ತು ಇನ್ನೆಷ್ಟು ವರ್ಷ ದುಡಿಯುತ್ತದೆಂದು ಹೇಳಬಲ್ಲವರಾಗಿದ್ದರು. ತಮಗಾಗಿ ಮಾತ್ರವಲ್ಲ, ಬೇರೆಯವರಿಗೂ ಎತ್ತು ಕೊಡಿಸಲು ಬೈಲಹೊಂಗಲದ ಸಂತೆ, ಕಿತ್ತೂರಿನ ಸುತ್ತಲಿನ ಹಳ್ಳಿ, ರಾಮದುರ್ಗದ ಕಡೆ ಎಂದು ತಿರುಗುತ್ತಿದ್ದರು. ಆದರೆ ಮನೆ ಬಿಡುವಾಗ ಎಲ್ಲಿಗೆ ಹೋಗುತ್ತೇನೆಂದು ಹೇಳುತ್ತಿರಲಿಲ್ಲ. ಎತ್ತು ನೋಡಲು ಹೋಗುವವನು ಊರು ಹೇಳಿ ಹೋದರೆ ಅವನಿಗಿಂತ ಮೊದಲು ದಲ್ಲಾಳಿ ಅಲ್ಲಿಗೆ ಮುಟ್ಟುತ್ತಾನೆ, ರೇಟು ಏರುತ್ತದೆ ಎನ್ನುವುದು ಆ ವ್ಯವಹಾರದ ನಿಯಮ. ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಬಾಯಿಬಿಡದೆ ಬೆಲೆ ಕುದುರಿಸಿ ರೂಢಿಯಾದವರು ಅವರು. ಬಾಯಿಬಿಡದಿರುವುದನ್ನೇ ಮನೆಗೂ ತಂದಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವರು ಮೊಬೈಲ್ ಕೊಂಡರು. ಆ ಮೊದಲ ದಿನಗಳಲ್ಲಿ ಬಂದ ಕರೆ ಎತ್ತಿದರೂ ದುಡ್ಡು ಕತ್ತರಿಸಲಾಗುತ್ತಿತ್ತು. ಆದುದರಿಂದ ಅಪ್ಪ ಮನೆಯವರನ್ನೆಲ್ಲ ಕೂಡಿಸಿ ನಿಯಮ ಮಾಡಿದರು. ಮನೆಯ ಲ್ಯಾಂಡ್‌ಲೈನಿನಿಂದ ಒಂದು ರಿಂಗು ಕೊಟ್ಟು ಇಟ್ಟರೆ ಮನೆಯಲ್ಲಿ ಎಲ್ಲ ಆರಾಮ. ಎರಡು ರಿಂಗು ಕೊಟ್ಟರೆ ಬೀಗರು ಬಂದಿದ್ದಾರೆ, ಬರುವಾಗ ಕಾಯಿಪಲ್ಲೆ ತರಬೇಕು. ಇಡದೆ ಪೂರ್ತಿ ಬಾರಿಸಿದರೆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ, ಇದ್ದಲ್ಲಿಂದ ಹೊರಟು ಬರಬೇಕು. ಆಗಲೂ ಅವರು ಫೋನ್ ಎತ್ತುವಂತಿರಲಿಲ್ಲ. ಸತ್ತ ಸುದ್ದಿಗೆ ಮಾತೇಕೆ, ಬಂದರೆ ಗೊತ್ತಾಗುತ್ತದೆ ಎಂಬುದು ಅವರ ತರ್ಕ. ಪ್ರತಿಯಾಗಿ ಅವರು ಒಂದು ರಿಂಗು ಕೊಟ್ಟರೆ ‘ತಿಳೀತು’ ಎಂದರ್ಥ. ಮುಂದೆ ಕರೆ ಎತ್ತುವುದಕ್ಕೆ ದುಡ್ಡು ಬೀಳುವುದು ನಿಂತು ವರ್ಷಗಳೇ ಆದವು. ನಿಯಮ ನಿಲ್ಲಲಿಲ್ಲ.

ಇಲ್ಲಿ ನಾನು ಒಂದು ಆಕ್ಷೇಪಣೆಯನ್ನು ದಾಖಲಿಸಬೇಕಾಗಿದೆ. ಆ ನಿಯಮಾವಳಿಯಲ್ಲಿ ಕ್ಷೇಮಕ್ಕೆ ಸ್ಥಳವಿತ್ತು, ಬದನೆಕಾಯಿಗೆ ಸ್ಥಳವಿತ್ತು, ಹೆಣಕ್ಕೂ ಸ್ಥಳವಿತ್ತು. ಮನೆಯಲ್ಲಿರುವ ಹೆಂಗಸರಿಗೆ ಆ ಮನುಷ್ಯನೊಂದಿಗೆ ಮಾತನಾಡುವ ವಿಷಯವೊಂದು ಇರಬಹುದು ಎಂಬುದಕ್ಕೆ ಮಾತ್ರ ಒಂದು ರಿಂಗಿನಷ್ಟು ಸ್ಥಳವನ್ನೂ ಕಲ್ಪಿಸಿರಲಿಲ್ಲ.

ಪ್ರಸ್ತುತ ವಿಷಯಕ್ಕೆ ಬರುತ್ತೇನೆ. ಅಪ್ಪ ಹಿಂದಿನ ದಿನ “ಬರ್ತೇನಿ” ಎಂದಷ್ಟೇ ಹೇಳಿ ಹೊರಟಿದ್ದರು. ಮರುದಿನ ಬೆಳಿಗ್ಗೆ, ಅವ್ವ ರೊಟ್ಟಿ ಬಡಿಯುತ್ತಿರುವಾಗ, ಅಂಚೆಯಣ್ಣ ನನ್ನ ಹೆಸರಿಗೆ ಒಂದು ಲಕೋಟೆ ಕೊಟ್ಟು ಹೋದ. ಶಿಕ್ಷಕರ ಆಯ್ಕೆಯ ತಾತ್ಕಾಲಿಕ ಪಟ್ಟಿಯಲ್ಲಿ ನನ್ನ ಹೆಸರಿದ್ದು, ಮರುದಿನ ಬೆಳಿಗ್ಗೆ ಬೆಳಗಾವಿಯಲ್ಲಿ ಎಲ್ಲ ಮೂಲ ಅಂಕಪಟ್ಟಿಗಳೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದೆಂದೂ, ತಪ್ಪಿದಲ್ಲಿ ಮುಂದಿನ ಅಭ್ಯರ್ಥಿಗೆ ಅವಕಾಶ ನೀಡಲಾಗುವುದೆಂದೂ ಅದರಲ್ಲಿತ್ತು. ಲಕೋಟೆ ಯಾವ ಮೇಜಿನ ಮೇಲೆ ಅಷ್ಟು ದಿನ ಮಲಗಿತ್ತೋ ನನಗೆ ತಿಳಿಯದು. ನನ್ನ ಕೈಗೆ ಬಂದಾಗ ಉಳಿದದ್ದು ಆ ಒಂದು ಹಗಲು.

ನನ್ನ ಅಂಕಪಟ್ಟಿಗಳು ತಿಜೋರಿಯಲ್ಲಿದ್ದವು. ಅದು ಅಜ್ಜನ ಕಾಲದ, ಗೋಡೆಯೊಳಗೆ ಕೂಡಿಸಿದ ಕಬ್ಬಿಣದ ತಿಜೋರಿ. “ಬಂಗಾರದ ಬಾಜೂಕ ಇರಲಿ” ಎಂದು ಅಪ್ಪನೇ ಹೆಮ್ಮೆಯಿಂದ ಒಳಗಿಟ್ಟಿದ್ದರು. ಅದರ ಕೀಲಿಕೈ ಅಪ್ಪನ ಉಡದಾರದಲ್ಲಿತ್ತು. ಸೊಂಟಕ್ಕೆ ಕಟ್ಟಿದ ಆ ಕರಿ ದಾರದಿಂದ ಅದು ಅಜ್ಜ ತೀರಿಕೊಂಡ ದಿನದಿಂದ ಬಿಚ್ಚಿ ಬಂದದ್ದಿಲ್ಲ. ತಿಜೋರಿ ತೆರೆಯುವಾಗ ಅಪ್ಪ ಕೀಲಿಕೈ ಬಿಚ್ಚುತ್ತಿರಲಿಲ್ಲ. ತಾವೇ ತಿಜೋರಿಗೆ ಒತ್ತಿ ಕುಕ್ಕರುಗಾಲಿನಲ್ಲಿ ಕುಳಿತು, ಸೊಂಟವನ್ನು ಕೀಲಿಗೆ ತಾಗಿಸಿ ತೆರೆಯುತ್ತಿದ್ದರು. ಆದ್ದರಿಂದ ಕೀಲಿಕೈ ಬೇಕೆಂದರೆ ಅಪ್ಪನೇ ಬೇಕು.

“ಅವ್ವಾ, ಅಪ್ಪನ್ನ ಕರಸು” ಎಂದೆ.

ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಎರಡು ರಿಂಗು ಕೊಟ್ಟು ಇಟ್ಟಳು. ಒಂದು ಗಳಿಗೆಯಲ್ಲಿ ಅತ್ತಲಿಂದ ಒಂದು ರಿಂಗು ಬಂತು.

“ತಿಳೀತಂತ” ಎಂದಳು ಅವ್ವ, ನಿರುಮ್ಮಳವಾಗಿ.

“ಏನ ತಿಳೀತು? ಬೀಗರು ಬಂದಾರ ಅಂತ ತಿಳೀತು!”

“ಮತ್ತ ಅದಕ್ಕಿಂತ ಜಾಸ್ತಿ ಹೆಂಗ ಹೇಳಲಿ? ಕಾಯಿಪಲ್ಲೆ ತಗೊಂಡರ ಬರ್ತಾರಲ್ಲ.”

ಬರುತ್ತಾರೆ ಹೌದು. ಎತ್ತು ಸಿಕ್ಕ ಮೇಲೆ, ಅದು ನಾಳೆಯಾಗಲಿ ನಾಡಿದ್ದಾಗಲಿ. ನಾನು ಮತ್ತೆ ಫೋನ್ ಹಚ್ಚಲು ಹೋದೆ. ಆಯಿ ಅಷ್ಟರಲ್ಲಿ ಬಂದು, ಫೋನಿನ ಡಬ್ಬಿಯನ್ನು ಗೂಡಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಕೂಸನ್ನು ಹಿಡಿದಂತೆ ಹಿಡಿದಿದ್ದಳು.

“ಪೂರ್ತಿ ಬಾರಸ್ಬ್ಯಾಡ. ಈ ಮನ್ಯಾಗ ಸಾಯೋ ವಯಸ್ಸಿನಾಕಿ ನಾ ಒಬ್ಬಾಕೀನ ಅದೇನಿ. ನಾ ಕುಂತಿರಬೇಕಾದ್ರ ನನ್ನ ಸತ್ತವರ ಲೆಕ್ಕಕ್ಕ ಹಾಕ್ತಿಯೇನ?”

“ಹಂಗಾದ್ರ ತಿಜೋರಿ ಒಡಸೋಣು.”

ಈ ಮಾತಿಗೆ ಅವ್ವ ಕಿವಿ ಮುಚ್ಚಿಕೊಂಡಳು. ಲಕ್ಷ್ಮಿ ಕುಳಿತ ಜಾಗಕ್ಕೆ ಸುತ್ತಿಗೆ ಹಚ್ಚುವ ಮಾತನ್ನು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಗೋಡೆಯ ಆಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡ ಕಾಕಾ ಬಾಗಿಲಲ್ಲಿ ಬಂದು ನಿಂತರು. ಅವರ ಅಡಚಣೆ ಬೇರೆ.

“ಅಣ್ಣನ ತಿಜೋರಿ ನಾ ಮುಟ್ಟಂಗಿಲ್ಲವ್ವ. ಹಿಸ್ಸೆ ಆದ ಮ್ಯಾಲ ತಮ್ಮ ತಿಜೋರಿ ಒಡದಾ ಅಂದ್ರ ಮಂದಿ ಏನಂತಾರ? ನೀ ಕಾಳಜಿ ಮಾಡಬ್ಯಾಡ. ಈಗ ಏನೇನೋ ಬಂದಾವ. ನಂಬರ್ ಒಂದು ಇದ್ರ ಸಾಕು, ಮೊಬೈಲ್ ಎಲ್ಲಿ ಐತಿ ಅಂತ ಮ್ಯಾಲಿನ ಉಪಗ್ರಹ ಹೇಳತೈತಂತ.”

ಹೀಗೆ, ಮೊಳದಷ್ಟು ದೂರದಲ್ಲಿದ್ದ ಕಬ್ಬಿಣದ ಬಾಗಿಲೊಂದನ್ನು ತೆರೆಯಲಾರದವರು ಆಕಾಶದಲ್ಲಿರುವ ಉಪಗ್ರಹದ ಮೊರೆ ಹೋಗುವುದೆಂದು ತೀರ್ಮಾನವಾಯಿತು.

ಮೊದಲು ಕಾಕಾ ತಮ್ಮ ಮನೆಯ ಫೋನಿನಿಂದ ಗುರುತಿನವರಿಗೆ ಹಚ್ಚಿದರು. ಬೈಲಹೊಂಗಲದ ದಲ್ಲಾಳಿಯೊಬ್ಬ, “ನಿನ್ನೆ ಸಂಜಿಕ ಬಂದಿದ್ರು, ಚಾ ಕುಡದ್ರು, ಹೋದ್ರು” ಎಂದ. ಕಿತ್ತೂರಿನ ಪರಿಚಯದವರೊಬ್ಬರು, “ರಾತ್ರಿ ನಮ್ಮಲ್ಲೇ ವಸ್ತಿ ಇದ್ರು. ಮುಂಜಾನೆ ಎದ್ದು ಎಲ್ಲೋ ಒಂದು ಜೋಡಿ ಐತಂತ ಕೇಳೀನಿ ಅಂತ ಬಸ್ ಹತ್ತಿದ್ರು. ಎಲ್ಲಿ ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ” ಎಂದರು. ಅದು ಕೇಳಬಾರದ ಪ್ರಶ್ನೆಯೆಂದು ಅವರೂ ಬಲ್ಲವರು. ರಾಮದುರ್ಗದಲ್ಲಿ ಅಪ್ಪನ ತಂಗಿ, ನಮ್ಮ ಅತ್ತಿ ಇದ್ದಳು. ಅವರ ಮನೆಯಲ್ಲಿ ಫೋನ್ ಇರಲಿಲ್ಲ. ಕಾಕಾನ ಫೋನಿನಿಂದ ಅಪ್ಪನ ಮೊಬೈಲಿಗೆ ಪೂರ್ತಿ ಬಾರಿಸಿ ನೋಡಿದೆವು. ನಮ್ಮ ಮನೆಯ ನಂಬರಲ್ಲದ ಯಾವ ನಂಬರಿಗೂ ಅಪ್ಪ ಕಿವಿಗೊಡುತ್ತಿರಲಿಲ್ಲ. ಅದು ತಾನಾಗಿಯೇ ಬಾರಿಸಿ ಸುಮ್ಮನಾಯಿತು.

ಟಂಟಂ ರಿಕ್ಷಾ ಹಿಡಿದು ನಾನು ಮತ್ತು ಕಾಕಾ ಸವದತ್ತಿಗೆ ಹೋದೆವು. ರಿಚಾರ್ಜ್ ಮಾಡುವ, ಫೋಟೋ ತೆಗೆಯುವ, ಒಳಗೆ ಪರದೆ ಕಟ್ಟಿ ಇಂಟರ್ನೆಟ್ ಇಟ್ಟಿದ್ದ ಒಂದು ಅಂಗಡಿ. ಅದರ ಮಾಲೀಕ ನಮ್ಮ ವಿಷಯವನ್ನು ಪೂರ್ತಿ ಕೇಳುವ ಮೊದಲೇ ಕುರ್ಚಿ ಎಳೆದುಕೊಂಡ.

“ನಂಬರ್ ಹೇಳ್ರಿ ಅಕ್ಕಾರ. ಎಲ್ಲಿ ಅದಾರ ಅನ್ನೂದು ಈಗ ತೋರಸ್ತೇನಿ.”

ನಂಬರ್ ಹೇಳಿದೆ. ಅವನು ಒತ್ತಿದ. ತೆರೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಕಾಕಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ದೇವರ ಮುಂದೆ ನಿಂತವರಂತೆ ನಿಂತಿದ್ದರು. ಕೊನೆಗೆ ನಮ್ಮ ರಾಜ್ಯದ ನಕಾಶೆ ಮೂಡಿ, ಅದರ ನಟ್ಟನಡುವೆ ಒಂದು ಕೆಂಪು ಚುಕ್ಕೆ ಹತ್ತಿಕೊಂಡಿತು.

“ಸಿಕ್ಕರು!” ಎಂದ ಅಂಗಡಿಯವನು. “ಚಿತ್ರದುರ್ಗದ ಹತ್ರ ಅದಾರ ನೋಡ್ರಿ.”

“ಚಿತ್ರದುರ್ಗ?” ಕಾಕಾ ಹೌಹಾರಿದರು. “ಅಷ್ಟು ದೂರ ಯಾವ ಎತ್ತು ನೋಡಾಕ ಹೋದಾ ಇಂವಾ? ಯವ್ವಾ, ಹುಬ್ಬಳ್ಳಿಗೆ ಹೋದ್ರ ಅಲ್ಲಿಂದ ಬಸ್ ಇರ್ತಾವ. ನಡಿ.”

ಬೆಳಿಗ್ಗೆ ಕಿತ್ತೂರಿನಲ್ಲಿ ಬಸ್ ಹತ್ತಿದವರು ಇಷ್ಟರಲ್ಲಿ ಚಿತ್ರದುರ್ಗಕ್ಕೆ ಹೇಗೆ ಮುಟ್ಟಿದರೆಂಬ ಸಂಶಯ ನನಗೆ ಬಂದಿತು. ಅಂಗಡಿಯವನಿಗೆ ಹೇಳಿದೆ: “ಅಣ್ಣಾರ, ನಿಮ್ಮ ನಂಬರ್ ಒಂದಿಷ್ಟು ಹಾಕ್ರಿ.”

“ನಂದ್ಯಾಕ್ರಿ? ನಾ ಇಲ್ಲೇ ಅದೇನಲ್ಲ.”

“ಅದಕ್ಕ ಹಾಕ್ರಿ.”

ಹಾಕಿದ. ಚಕ್ರ ತಿರುಗಿತು. ಅದೇ ನಕಾಶೆ, ಅದೇ ನಡುಮಧ್ಯ, ಅದೇ ಕೆಂಪು ಚುಕ್ಕೆ.

“ಹಂಗಾದ್ರ ನೀವೂ ಚಿತ್ರದುರ್ಗದಾಗ ಅದೀರಿ” ಎಂದೆ. “ನಮ್ಮಪ್ಪ ಭೆಟ್ಟಿ ಆದ್ರ ಜಲ್ದಿ ಮನಿಗೆ ಬರಾಕ ಹೇಳ್ರಿ.”

ಪರದೆಯ ಹಿಂದೆ ಕುಳಿತಿದ್ದ ಕಾಲೇಜು ಹುಡುಗಿಯರು ನಕ್ಕರು. ಅಂಗಡಿಯವನು ಮುಖ ಕೆಂಪಗೆ ಮಾಡಿಕೊಂಡು, ರಾಜ್ಯ ಯಾವುದು, ಕಂಪನಿ ಯಾವುದು ಎಂಬುದನ್ನಷ್ಟೇ ಅದು ಹೇಳುತ್ತದೆ, ರಾಜ್ಯದ ನಡುವೆ ಚುಕ್ಕೆ ಇಡುವುದು ಅದರ ರೂಢಿ ಎಂದು ಒಪ್ಪಿಕೊಂಡ. ನಮ್ಮ ತಂದೆಯವರು ಕರ್ನಾಟಕ ರಾಜ್ಯದಲ್ಲಿ ಇದ್ದಾರೆಂಬುದು ನಮಗೆ ಮೊದಲೇ ತಿಳಿದಿತ್ತು. ಆ ತಿಳಿವಳಿಕೆಗಾಗಿ ಹಗಲಿನ ಒಂದು ದೊಡ್ಡ ತುಂಡು ಹೋಯಿತು.

ಕಾಕಾ ಇನ್ನೂ ಸೋಲಲಿಲ್ಲ. ಪೊಲೀಸರಿಗೆ ಎಲ್ಲ ಟಾವರ್‌ಗಳೂ ಗೊತ್ತಿರುತ್ತವೆ ಎಂದು ಠಾಣೆಗೆ ಕರೆದೊಯ್ದರು. ಕಟ್ಟೆಯ ಮೇಲೆ ವಯಸ್ಸಾದ ಹವಾಲ್ದಾರರೊಬ್ಬರು ಕುಳಿತಿದ್ದರು.

“ಏನವ್ವಾ, ಯಾರರ ಕಳದಾರೇನ?”

“ನಮ್ಮಪ್ಪಾರು ಎಲ್ಲಿ ಅದಾರ ಗೊತ್ತಾಗಬೇಕಾಗೇತ್ರಿ.”

“ಮನಿ ಬಿಟ್ಟು ಓಡಿ ಹೋಗ್ಯಾರೇನು?”

“ಇಲ್ರಿ, ಎತ್ತ ನೋಡಾಕ ಹೋಗ್ಯಾರ.”

ಹವಾಲ್ದಾರರು ನನ್ನನ್ನೊಮ್ಮೆ, ಕಾಕಾನನ್ನೊಮ್ಮೆ ನೋಡಿದರು. “ಮಗಳು ಎಲ್ಲಿ ಹೋದಳು ಅಂತ ಹುಡುಕ್ಕೊಂತ ಅಪ್ಪಾರು ಬರೂದು ದಿನಾ ನೋಡ್ತೇನಿ. ಅಪ್ಪನ್ನ ಹುಡುಕ್ಕೊಂತ ಮಗಳು ಬಂದಿದ್ದು ಇದ ಮೊದಲ. ಫೋನ್ ಹತ್ತವಲ್ದೇನು?”

“ಹತ್ತತೈತ್ರಿ. ಎತ್ತಂಗಿಲ್ಲ.”

“ಯಾಕ?”

ನಾನು ಮೂರೂ ನಿಯಮಗಳನ್ನು ವಿವರಿಸಿದೆ. ಅವರು ಗಂಭೀರವಾಗಿ ಕೇಳಿದರು. ಅಪರಾಧ ನಡೆದಿದ್ದರೆ ಮಾತ್ರ ಮೇಲಿನ ಸಾಹೇಬರಿಂದ ಕಂಪನಿಗೆ ಪತ್ರ ಹೋಗಬೇಕೆಂದೂ, ಉತ್ತರ ಬರಲು ದಿನಗಳು ಹಿಡಿಯುತ್ತವೆಂದೂ, ಬಂದರೂ ಟಾವರ್ ಯಾವುದೆಂದು ತಿಳಿದೀತೇ ಹೊರತು ಮನೆ ಯಾವುದೆಂದು ತಿಳಿಯದೆಂದೂ ಹೇಳಿದರು. ಆಗ ಕಾಕಾ ಧ್ವನಿ ತಗ್ಗಿಸಿ, “ಕೀಲಿಕೈ ಕಳುವು ಆಗೈತಿ ಅಂತ ಬರಕೊಟ್ರ ಹೆಂಗ್ರಿ?” ಎಂದರು.

“ಯಾರ ಮ್ಯಾಲ ಬರಕೊಡ್ತೀಯೋ? ನಿಮ್ಮಣ್ಣನ ಉಡದಾರದಾಗ ನಿಮ್ಮಣ್ಣನ ಕೀಲಿಕೈ ಇದ್ರ ಕಳ್ಳ ಯಾರು?” ಹವಾಲ್ದಾರರು ಗದರಿಸಿದರು. ನನ್ನ ಕಡೆ ತಿರುಗಿ, “ಯವ್ವಾ, ಪೂರ್ತಿ ಬಾರಿಸಿದ್ರ ಬರ್ತಾರ ಅಂತ ನೀನ ಹೇಳ್ದಿ. ಮತ್ತ ಬಾರಸೂದು ಬಿಟ್ಟು ಇಲ್ಲಿಗೆ ಯಾಕ ಬಂದಿ?” ಎಂದರು.

ನನಗೆ ಕಣ್ಣಲ್ಲಿ ನೀರು ಬಂದದ್ದು ಆ ಇಡೀ ದಿನದಲ್ಲಿ ಅಲ್ಲಿ ಒಂದೇ ಕಡೆ. ಇಷ್ಟು ಸರಳವಾಗಿ ನನ್ನ ಪಕ್ಷದ ಮಾತನ್ನು ಆಡಲು ಅಪರಿಚಿತರೊಬ್ಬರೇ ಬೇಕಾಯಿತಲ್ಲ ಎಂದು. ನಮ್ಮ ಮನೆಯಲ್ಲಿ ಅಷ್ಟು ಹೊತ್ತಿಗೆ ನನ್ನ ನೌಕರಿ ಎಂಬುದನ್ನು ಎಲ್ಲರೂ ಎಷ್ಟು ತೂಗಿ ನೋಡಿದ್ದರೆಂಬುದನ್ನು ಗಮನಿಸಬೇಕು. ಒಂದು ತಕ್ಕಡಿಯಲ್ಲಿ ಲಕ್ಷ್ಮಿಯ ಸಿಟ್ಟು, ಕಾಕಾನ ಮರ್ಯಾದೆ, ಆಯಿಯ ಅಪಶಕುನ. ಇನ್ನೊಂದರಲ್ಲಿ ನಾನು ಎರಡು ವರ್ಷ ಬೈಲಹೊಂಗಲದಲ್ಲಿ ಕೋಣೆ ಹಿಡಿದು, ಸ್ಟೋವಿನ ಮೇಲೆ ಬೇಯಿಸಿ ತಿಂದು ಓದಿದ ಡಿ.ಎಡ್. ನನ್ನ ತಕ್ಕಡಿ ಮೇಲಕ್ಕೇರಿ ತೂಗಾಡುತ್ತಲೇ ಇತ್ತು. ಒಬ್ಬ ಮಗನ ಹೆಸರಿಗೆ ಆ ಲಕೋಟೆ ಬಂದಿದ್ದರೆ ತಿಜೋರಿಯ ಬಾಗಿಲು ಹೊಸ್ತಿಲು ದಾಟಿ ಅಂಗಳದಲ್ಲಿ ಬಿದ್ದಿರುತ್ತಿತ್ತು ಎಂಬುದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಮರಳಿ ಬರುವಾಗ ಟಂಟಂನಲ್ಲಿ ಕಾಕಾ, “ಇನ್ನೊಂದು ದಾರಿ ಐತಿ, ಅಂಜನ ಹಾಕಿ ನೋಡೋರು ಒಬ್ಬರು ಅದಾರ. ಮೊದಲ ಹೆಸರು, ನಕ್ಷತ್ರ ಕೇಳ್ತಿದ್ರು, ಈಗ ಮೊಬೈಲ್ ನಂಬರ್ ಹೇಳಿದ್ರೂ ಎಲಿಯಾಗ ಕಾಣತೈತಂತ” ಎಂದರು. ಕಂಪ್ಯೂಟರಿನ ಮೇಲಿದ್ದ ವಿಶ್ವಾಸ ವೀಳ್ಯದೆಲೆಗೆ ವರ್ಗಾವಣೆಯಾಗಲು ಅವರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಆಯಿ ಫೋನ್ ತೊಡೆಯ ಮೇಲಿಟ್ಟುಕೊಂಡು, ತಿಜೋರಿಗೆ ಬೆನ್ನು ಹಚ್ಚಿ ಕುಳಿತಿದ್ದಳು. ಎರಡನ್ನೂ ಒಬ್ಬಳೇ ಕಾಯುತ್ತಿದ್ದಳು. ನಾನು ಹಿತ್ತಲಿಗೆ ಹೋಗಿ ಕಟ್ಟಿಗೆ ಒಡೆಯುವ ಕೊಡಲಿ ತಂದು ಆಕೆಯ ಮುಂದೆ ಇಟ್ಟೆ.

“ಆಯಿ, ನಾಳೆ ಮುಂಜಾನೆ ನಾ ಬೆಳಗಾವ್ಯಾಗ ಇರಬೇಕು. ಇಲ್ಲಂದ್ರ ನನ್ನ ಜಾಗಾದಾಗ ಇನ್ನೊಬ್ಬಾಕಿ ಇರ್ತಾಳ. ಫೋನ್ ಕೊಡ್ತಿಯೋ, ಬಾಜೂಕ ಸರೀತಿಯೋ? ಯಾವುದರ ಒಂದು ಹೇಳು.”

ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಯಿ ಕೊಡಲಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಖರೇನ ಹೊಡೀತಿಯೇನ?”

“ಹೊಡೀತೇನಿ.”

“ನಿಮ್ಮಜ್ಜನಂಗ ಅದಿ” ಎಂದಳು ಆಯಿ, ಅದು ಬೈಗುಳವೋ ಹೊಗಳಿಕೆಯೋ ತಿಳಿಯದ ಹಾಗೆ. “ಲಕ್ಷ್ಮೀನ ಎಬ್ಬಸಬ್ಯಾಡ. ಆಕಿ ಒಮ್ಮೆ ಹೋದ್ರ ಬರಂಗಿಲ್ಲ. ನನ್ನ ಸಾಯಿಸು. ನಾ ಹೆಂಗಿದ್ರೂ ಇಲ್ಲೇ ಕುಂತಿರ್ತೇನಿ. ಹೂಂ, ಬಾರಿಸು.”

ಡಬ್ಬಿಯನ್ನು ತಾನೇ ನನ್ನ ಕಡೆ ತಳ್ಳಿದಳು. ನಾನು ನಂಬರ್ ಒತ್ತಿದೆ. ರಿಂಗು ಆರಂಭವಾಯಿತು. ಒಂದು: ಎಲ್ಲ ಆರಾಮ. ಎರಡು: ಬೀಗರು, ಬದನೆಕಾಯಿ. ಮೂರನೆಯದು ಆದಾಗ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಇಡಲಿಲ್ಲ. ಅದು ತಾನಾಗಿ ಮುಗಿದು, ಹೆಣ್ಣುಮಗಳ ಧ್ವನಿಯೊಂದು ತಾವು ಕರೆ ಮಾಡಿದವರು ಉತ್ತರಿಸುತ್ತಿಲ್ಲ ಎಂದು ಮೂರು ಭಾಷೆಗಳಲ್ಲಿ ಹೇಳುವವರೆಗೂ ಹಿಡಿದುಕೊಂಡಿದ್ದೆ. ಪ್ರತಿಯಾಗಿ ಅತ್ತಲಿಂದ ಯಾವ ರಿಂಗೂ ಬರಲಿಲ್ಲ.

“ಹೊಂಟಾ” ಎಂದಳು ಆಯಿ. ತಲೆ ಬಾಚಿಸಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಎಲೆ ಅಡಿಕೆಯ ಚೀಲ ಹಿಡಿದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತಳು.

ದೀಪ ಹಚ್ಚುವ ಹೊತ್ತಿಗೆ ಓಣಿಯ ತುದಿಯಲ್ಲಿ ಜೀಪೊಂದು ನಿಂತಿತು. ಜೀಪಿಗಿಂತ ಮೊದಲು ಅತ್ತಿಯ ಅಳು ಬಂತು. “ಯವ್ವಾ ನನ್ನ ಹಡದವ್ವಾ, ತವರಿನ ದಾರಿ ಮುಚ್ಚಿ ಹೋದ್ಯೇನs” ಎಂದು ಹಾಡಿಕೊಳ್ಳುತ್ತ, ಎದೆ ಬಡಿದುಕೊಳ್ಳುತ್ತ ಆಕೆ ಇಳಿದಳು. ಹಿಂದೆ ಆಕೆಯ ಗಂಡನಾದ ರಾಮದುರ್ಗದ ಮಾವ, ಆತನ ಅಣ್ಣತಮ್ಮಂದಿರು, ಕೈಯಲ್ಲಿ ಹೂವಿನ ಹಾರ. ಎಲ್ಲರ ಹಿಂದೆ ಅಪ್ಪ. ಎತ್ತು ನೋಡಲು ರಾಮದುರ್ಗದ ಕಡೆಗೇ ಹೋಗಿದ್ದವರು, ರಿಂಗು ಕೇಳಿ ತಂಗಿಯ ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದರು. ತಲೆಗೆ ಟವೆಲ್ ಮುಚ್ಚಿಕೊಂಡಿದ್ದರು. ಒಂದು ಕೈಯಲ್ಲಿ ಬದನೆಕಾಯಿ, ಮೆಂತ್ಯೆಪಲ್ಲೆ ತುಂಬಿದ ಚೀಲವಿತ್ತು. ಬೀಗರಿಗಾಗಿ ಮೊದಲೇ ಕೊಂಡಿದ್ದರು. ಅದನ್ನು ಎಲ್ಲಿ ಇಳಿಸಬೇಕೆಂಬುದೂ ಅವರಿಗೆ ಹೊಳೆದಿರಲಿಲ್ಲ.

ಕಟ್ಟೆಯ ಮೇಲಿನಿಂದ ಆಯಿ ಕೇಳಿದಳು: “ಯಾರ ಸತ್ತಾರ ಬೇ?”

ಅತ್ತಿಯ ಅಳು ನಡುವೆಯೇ ನಿಂತಿತು. ಹಾರ ಹಿಡಿದಿದ್ದ ಮಾವ ಅದನ್ನು ಬೆನ್ನ ಹಿಂದೆ ಮರೆಮಾಡಿದ. ಅಪ್ಪ ಟವೆಲ್ ಸರಿಸಿ ನೋಡಿ, ಅಲ್ಲೇ ಧೂಳಿನಲ್ಲಿ ಕುಸಿದು ಕುಳಿತು, ಆಯಿಯ ಕಾಲು ಹಿಡಿದುಕೊಂಡು ಸಣ್ಣ ಹುಡುಗನಂತೆ ಅತ್ತರು. ಓಣಿಯವರೆಲ್ಲ ಕೂಡಿದ್ದರು. ನಮ್ಮ ಬಂಧುಗಳು ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ನನ್ನದು ಮುಗಿಯುವುದಿಲ್ಲ.

ಅಪ್ಪ ಎದ್ದು ಕಣ್ಣೊರೆಸಿಕೊಂಡು, “ಯಾರ ಬಾರಿಸಿದಾರು?” ಎಂದು ಕೇಳಿದರು.

“ನಾ.”

“ಜೀವಂತ ಇದ್ದಾಕೀನ ಹೆಣಾ ಮಾಡಿದೆಲ್ಲs? ಎದಿ ಒಡದು ಜೀಪ್‌ನ್ಯಾಗ ನಾನ ಸತ್ತಿದ್ರ? ಅಂಥಾದ್ದು ಏನ ಕೆಲಸ ಇತ್ತು ನಿನಗ?”

“ಹೇಳಾಕ ನೀ ಎಲ್ಲಿ ಬಿಟ್ಟಿ ಅಪ್ಪಾ? ಬದನಿಕಾಯಿಗೊಂದು ರಿಂಗ್ ಇಟ್ಟಿ, ಹೆಣಕ್ಕೊಂದು ಇಟ್ಟಿ. ನನಗೊಂದು ಇಟ್ಟಿದ್ದೇನು? ಕೀಲಿಕೈ ಬೇಕು. ನಾಳೆ ಬೆಳಗಾವ್ಯಾಗ ಕಾಗದ ನೋಡ್ತಾರ.”

ಲಕೋಟೆಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ದೀಪಕ್ಕೆ ಹಿಡಿದು ಅಕ್ಷರ ಕೂಡಿಸಿ ಓದಿದರು. ಒಳಗೆ ಹೋಗಿ ತಿಜೋರಿಗೆ ಒತ್ತಿ ಕುಕ್ಕರುಗಾಲಿನಲ್ಲಿ ಕುಳಿತು, ಸೊಂಟ ತಾಗಿಸಿ ಕೀಲಿ ತೆರೆದರು. ಅಂಕಪಟ್ಟಿಗಳ ಕಟ್ಟನ್ನು ನನ್ನ ಕಡೆ ನೋಡದೆಯೇ ಹಿಂದಕ್ಕೆ ಚಾಚಿದರು. ನಾನು ತೆಗೆದುಕೊಂಡೆ. ಆ ಕಟ್ಟು ಅಂದಿನಿಂದ ಇಂದಿನವರೆಗೆ ಆ ತಿಜೋರಿಗೆ ಮರಳಿ ಹೋಗಿಲ್ಲ.

ಜೀಪಿನಲ್ಲಿ ಬಂದವರು ಬಾಯಿಗೆ ಏನೂ ಹಾಕದೆ ಹೊರಟು ಬಂದಿದ್ದರು. ಅವ್ವ ಅದೇ ಬದನೆಕಾಯಿಯ ಎಣ್ಣೆಗಾಯಿ ಮಾಡಿ ಬಡಿಸಿದಳು. ಎರಡು ರಿಂಗು ಕೊಟ್ಟದ್ದು ಸುಳ್ಳಾಗಲಿಲ್ಲ, ಬೀಗರು ಬಂದರಲ್ಲ ಎಂಬ ಸಮಾಧಾನ ಅವಳ ಮುಖದಲ್ಲಿತ್ತು. ಸತ್ತ ಸುದ್ದಿ ಸುಳ್ಳಾದರೆ ಆಯುಷ್ಯ ಕಡಿಮೆಯಾಗುವುದಿಲ್ಲ, ಬೆಳೆಯುತ್ತದೆ ಎಂದು ಮಾವ ಆಯಿಗೆ ಹೇಳಿದ. ಆಯಿ ಮಾತ್ರ ಅತ್ತಿಯ ಮೇಲೆ ಮುನಿಸಿಕೊಂಡಿದ್ದಳು. “ನಾ ಸತ್ರ ಯಾರ್ಯಾರು ಬರ್ತಾರ, ಹೆಂಗ ಅಳ್ತಾರ ಅಂತ ಕಣ್ಣಾರೆ ನೋಡಿದ್ನೆಲ್ಲ, ಭೇಷಾತು. ಇಕಿ ಹಾಡಿನ್ಯಾಗ ತವರಿನ ದಾರಿ ಬಂತು, ನನ್ನ ಹೆಸರು ಬರಲೇ ಇಲ್ಲ” ಎಂದಳು.

ನಾನು ಮರುದಿನ ಮೊದಲ ಬಸ್ಸಿಗೆ ಬೆಳಗಾವಿಗೆ ಹೋದೆ. ಅಪ್ಪ ಬಸ್‌ಸ್ಟ್ಯಾಂಡಿನವರೆಗೆ ಬಂದರು. ಅಂಕಪಟ್ಟಿಗಳ ಪರಿಶೀಲನೆ ನಡೆಯಿತು. ನನಗೆ ರಾಮದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಶಾಲೆ ದೊರೆಯಿತು. ನನ್ನ ಹೆಸರು ಕೂಗಿದಾಗ ಎದ್ದು ನಿಲ್ಲಲು ನಾನು ಅಲ್ಲಿ ಇದ್ದೆ ಎಂಬುದೇ ಈ ಇಡೀ ಪ್ರಕರಣದ ತಿರುಳು. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ನಮ್ಮವರು ನೆನಪಿಟ್ಟುಕೊಂಡಿದ್ದಾರೆ.

ಶಾಲೆಗೆ ಹಾಜರಾದ ಮೇಲೆ ನಾನೂ ಒಂದು ಮೊಬೈಲ್ ಕೊಂಡೆ. ಅದರ ನಂಬರನ್ನು ಕಾಕಾನಿಂದ ಅಪ್ಪನ ಮೊಬೈಲಿನಲ್ಲಿ ಹೆಸರು ಸಹಿತ ಹಾಕಿಸಿದೆ. ಶಾಲೆಗೆ ಮುಟ್ಟಿದ ಕೂಡಲೇ ಒಂದು ರಿಂಗು ಕೊಡತಕ್ಕದ್ದೆಂದು ಅಪ್ಪ ಅವ್ವನ ಮೂಲಕ ತಿಳಿಸಿದರು. ನಾನು ಆ ಆದೇಶವನ್ನು ಪಾಲಿಸಲಿಲ್ಲ. ಮಧ್ಯಾಹ್ನ ಮಕ್ಕಳು ಊಟಕ್ಕೆ ಕುಳಿತಾಗ ಶಾಲೆಯ ಕಟ್ಟೆಯ ಮೇಲೆ ನಿಂತು ಫೋನ್ ಹಚ್ಚಿ ಪೂರ್ತಿ ಬಾರಿಸಿದೆ. ಎತ್ತಲಿಲ್ಲ. ಮತ್ತೆ ಪೂರ್ತಿ ಬಾರಿಸಿದೆ. ಮರುದಿನವೂ ಬಾರಿಸಿದೆ. ಮನೆಯಲ್ಲಿ ಇದರಿಂದ ಬಹಳ ಗದ್ದಲವಾಯಿತೆಂದು ಆಮೇಲೆ ತಿಳಿಯಿತು. ಆದರೂ ನಿಲ್ಲಿಸಲಿಲ್ಲ. ನನಗೆ ಉತ್ತರ ಬೇಕಾಗಿತ್ತು.

ಹೀಗೆ ಎಷ್ಟೋ ಸಲ ಆದ ಮೇಲೆ ಒಂದು ದಿನ ರಿಂಗು ನಡುವೆಯೇ ನಿಂತಿತು. ಅತ್ತ ಕಡೆ ಗಾಳಿಯ ಸದ್ದು, ಎತ್ತಿನ ಕೊರಳ ಗಂಟೆಯ ಸದ್ದು. ಆಮೇಲೆ ಹೊಲದ ಆಚೆ ದಂಡೆಯವರನ್ನು ಕೂಗುವಷ್ಟು ಗಟ್ಟಿಯಾಗಿ ಅಪ್ಪನ ಧ್ವನಿ ಬಂತು.

“ಯಾರ ಸತ್ತಾರ?”

“ಯಾರೂ ಸತ್ತಿಲ್ಲಪಾ. ನಾ ಮಾತಾಡಾಕತ್ತೇನಿ.”

ಇಡುತ್ತಾರೆಂದು ತಿಳಿದೆ. ಇಡಲಿಲ್ಲ. ಗಂಟೆಯ ಸದ್ದು ಸ್ವಲ್ಪ ಸ್ವಲ್ಪವೇ ದೂರವಾಯಿತು. ಎತ್ತನ್ನು ಬಿಟ್ಟು ಅವರು ಬದಿಗೆ ಸರಿದು ನಿಂತಿರಬೇಕು.

“ಎಲ್ಲಿ ಅದಿ?” ಎಂದು ಕೇಳಿದರು.

“ಸಾಲ್ಯಾಗ ಅದೇನಿ. ನೀ ಎಲ್ಲಿ ಅದಿ?”

ಎತ್ತಿನ ವ್ಯವಹಾರಕ್ಕೆ ಹೋದಾಗ ತಾನಿರುವ ಊರಿನ ಹೆಸರನ್ನು ಯಾರಿಗೂ ಹೇಳದ ಆ ಮನುಷ್ಯ ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡಿರಬೇಕು. ನಂತರ ಧ್ವನಿ ತಗ್ಗಿಸಿ ಹೇಳಿದರು:

“ಚಚಡ್ಯಾಗ. ಯಾರ ಮುಂದೂ ಹೇಳಬ್ಯಾಡ.”